ಸೀಲು ಮನೆಬಾಗಿಲಿಗೆ ಬಂತು, ನೋಂದಣಿ ಇನ್ನೂ ಬಂದಿಲ್ಲ

ಹಿಂದೆ ಕಾಶಿಗೆ ಹೊರಡುವವರು ಮನೆ, ಜಮೀನು ಪಾಲು ಮಾಡಿಟ್ಟು, ನೆಂಟರಿಷ್ಟರಿಗೆಲ್ಲ ಹೇಳಿ ಹೊರಡುತ್ತಿದ್ದರಂತೆ. ವಾಪಸು ಬರುವ ಖಾತರಿ ಇರಲಿಲ್ಲವಲ್ಲ. ನಮ್ಮ ಕಾಲದ್ದು ತಿರುಗುಮುರುಗು. ನಾವು ಮೊದಲು ಕಾಶಿಗೆ ಬರುತ್ತೇವೆ. ನೌಕರಿ ಗಟ್ಟಿಯಾದ ಮೇಲೆ ಊರಿನಲ್ಲಿ ಸೈಟು, ಫ್ಲಾಟು ಕೊಳ್ಳುತ್ತೇವೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯ, ಐಐಟಿ, ರೈಲ್ವೆ ಎಂಜಿನ್ ಕಾರ್ಖಾನೆ, ಬ್ಯಾಂಕುಗಳು ಎಂದು ಚದುರಿಕೊಂಡಿರುವ ನಮ್ಮಂಥವರು ವಾರಾಣಸಿಯಲ್ಲಿ ಎಲ್ಲಿ ಸೇರಿದರೂ ಮಾತು ಬಿಸಿಲಿನಿಂದ ಶುರುವಾಗಿ ಗೃಹಸಾಲದಲ್ಲಿ ಬಂದು ನಿಲ್ಲುತ್ತದೆ.

ಈಚೆಗೆ ಆ ಮಾತುಕತೆಯಲ್ಲಿ ಒಂದು ಹೊಸ ಪಾತ್ರ ಸೇರಿಕೊಂಡಿದೆ: ಮನೆಗೇ ಬರುವ ನೋಟರಿ. ಕಚಹರಿಯ ಗದ್ದಲದಲ್ಲಿ ಅರ್ಧ ದಿನ ರಜೆ ಕಳೆಯಬೇಕಿಲ್ಲ. ದಾಖಲೆಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಕು. ಸಂಜೆ ಲಂಕಾ, ಸಿಗರಾ, ಭೇಲುಪುರ ಎಲ್ಲಿದ್ದರೂ ಸ್ಕೂಟರಿನಲ್ಲಿ ಸ್ಟಾಂಪ್ ಪೇಪರು, ರಿಜಿಸ್ಟರು, ಮೊಹರಿನೊಂದಿಗೆ ಹಾಜರು. ಚಹಾ ಆರುವುದರೊಳಗೆ ಕೆಂಪು ಸೀಲು ಬಿದ್ದಿರುತ್ತದೆ. ಗಂಡ ಹೆಂಡಿರಿಬ್ಬರೂ ದುಡಿಯುವ ಮನೆಗೆ, ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ ಇದು ದೊಡ್ಡ ಅನುಕೂಲ.

ಈ ಸೇವೆಯ ಬಗ್ಗೆ ನನಗೆ ತಕರಾರಿಲ್ಲ. ಇದು ಕಾನೂನಿನ ಕಣ್ಣು ತಪ್ಪಿಸಿ ನಡೆಯುವ ದಂಧೆಯೂ ಅಲ್ಲ. 1952ರ ನೋಟರಿ ಕಾಯ್ದೆ ಪತ್ರಗಳನ್ನು ಪರಿಶೀಲಿಸಿ ದೃಢೀಕರಿಸುವ, ಪ್ರಮಾಣಪತ್ರ ಮಾಡಿಸುವ ಅಧಿಕಾರವನ್ನು ನೋಟರಿಗೆ ಕೊಟ್ಟಿದೆ. 1956ರ ನೋಟರಿ ನಿಯಮಗಳಲ್ಲಿ ಶುಲ್ಕದ ಪಟ್ಟಿ ಇದೆ, ಅದರ ಮೇಲೆ ಪ್ರಯಾಣ ಭತ್ಯೆ ಪಡೆಯಲೂ ಅವಕಾಶ ಇದೆ. ನೋಟರಿ ಕಚೇರಿ ಬಿಟ್ಟು ಹೊರಗೆ ಹೋಗಿ ಕೆಲಸ ಮಾಡಬಹುದು ಎಂಬುದನ್ನು ನಿಯಮ ಬರೆದವರು ಆಗಲೇ ಊಹಿಸಿದ್ದರು.

ನನ್ನ ತಕರಾರು ಬೇರೆ. ಆ ಕೆಂಪು ಸೀಲು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ನಮಗೆ ಯಾರೂ ಹೇಳುತ್ತಿಲ್ಲ. ಹೇಳಬೇಕಾದ ಬ್ಯಾಂಕು ಹೇಳುವುದಿಲ್ಲ, ಸರ್ಕಾರವೂ ಹೇಳುವುದಿಲ್ಲ. ಗೊತ್ತಾಗುವುದು ಊರಿನ ಕಚೇರಿಯ ಕೌಂಟರಿನ ಮುಂದೆ, ಅದೂ ಹಣ ಕೈಬಿಟ್ಟ ಮೇಲೆ.

ಇಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು ಮಧ್ಯ ಕರ್ನಾಟಕದ ತಮ್ಮ ಊರಿನಲ್ಲಿ ಒಂದು ಹಳೆ ಮನೆ ಕೊಳ್ಳಲು ಹೊರಟರು. ಮುಂಗಡ ಕೊಟ್ಟಾಗಿತ್ತು, ಸಾಲ ಮಂಜೂರಾಗಿತ್ತು. ರಜೆ ಸಿಗಲಿಲ್ಲ. ತಂಗಿಯ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದು, ಮನೆಗೆ ಬಂದ ನೋಟರಿಯಿಂದ ಸೀಲು ಹಾಕಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು. ನೋಂದಣಿಯ ದಿನ ತಂಗಿ, ಮಾರುವವರು, ಸಾಕ್ಷಿಗಳು ಎಲ್ಲರೂ ಸೇರಿದರು. ಅಲ್ಲಿ ಬಂದ ಉತ್ತರ ಒಂದೇ: ‘ನೋಟರಿ ಪತ್ರ ನಡೆಯುವುದಿಲ್ಲ.’ ಕರಾರಿನ ಗಡುವು ಮುಗಿಯಲು ನಾಲ್ಕು ದಿನ ಉಳಿದಿತ್ತು. ಮಾರುವವರಿಗೆ ಹೆಚ್ಚು ಬೆಲೆ ಕೊಡುವ ಇನ್ನೊಬ್ಬರು ಸಿದ್ಧರಿದ್ದರು. ಕೊನೆಗೆ ಇವರು ಸಿಕ್ಕ ಬೆಲೆಗೆ ವಿಮಾನದ ಟಿಕೆಟ್ ಕೊಂಡು ಓಡಿದರು. ಮನೆ ಉಳಿಯಿತು. ಉಳಿಯದೆ ಹೋಗುವ ಸಾಧ್ಯತೆಯೂ ಅಷ್ಟೇ ಇತ್ತು.

ಕೌಂಟರಿನಲ್ಲಿ ಬಂದ ಉತ್ತರ ಗುಮಾಸ್ತರ ಹಟವಲ್ಲ. 1908ರ ನೋಂದಣಿ ಕಾಯ್ದೆಯ 33ನೇ ಕಲಂ ಓದಿ ನೋಡಿ. ಬೇರೊಬ್ಬರ ಪರವಾಗಿ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸುವವರ ಕೈಯಲ್ಲಿ ಎಂಥ ಪವರ್ ಆಫ್ ಅಟಾರ್ನಿ ಇರಬೇಕು ಎಂದು ಅದು ಹೇಳುತ್ತದೆ. ಬರೆದುಕೊಟ್ಟವರು ಭಾರತದೊಳಗೆ ವಾಸವಿದ್ದರೆ, ತಾವು ವಾಸಿಸುವ ಪ್ರದೇಶದ ಉಪನೋಂದಣಾಧಿಕಾರಿ ಅಥವಾ ನೋಂದಣಾಧಿಕಾರಿಯ ಮುಂದೆ ಸಹಿ ಮಾಡಿ ದೃಢೀಕರಿಸಿಕೊಳ್ಳಬೇಕು. ಭಾರತದ ಹೊರಗೆ ವಾಸವಿದ್ದರೆ ನೋಟರಿ, ನ್ಯಾಯಾಧೀಶರು, ಭಾರತದ ಕಾನ್ಸುಲ್ ಇವರಲ್ಲಿ ಯಾರಾದರೂ ಆಗುತ್ತದೆ.

ಅಂದರೆ ದುಬೈನಲ್ಲಿರುವ ಕನ್ನಡಿಗನಿಗೆ ನೋಟರಿ ಸಾಕು. ವಾರಾಣಸಿಯಲ್ಲಿರುವ ಕನ್ನಡಿಗನಿಗೆ ಸಾಲದು. ಸಮುದ್ರ ದಾಟಿದವನ ಸಹಿಗೆ ಮೂರ್ನಾಲ್ಕು ಬಾಗಿಲು, ವಿಂಧ್ಯ ದಾಟಿದವನ ಸಹಿಗೆ ಒಂದೇ ಬಾಗಿಲು. ಅನಿವಾಸಿ ಭಾರತೀಯರಿಗಾಗಿ ಬ್ಯಾಂಕುಗಳು ಪ್ರತ್ಯೇಕ ಕೈಪಿಡಿ, ಪ್ರತ್ಯೇಕ ಮೇಜು ಇಟ್ಟಿವೆ. ಅನಿವಾಸಿ ಕನ್ನಡಿಗ ಎಂದರೆ ಎಲ್ಲರಿಗೂ ಅಮೆರಿಕ, ಕೊಲ್ಲಿ ನಾಡು ನೆನಪಾಗುತ್ತದೆ. ಪಟ್ನಾ, ವಾರಾಣಸಿ, ಭುವನೇಶ್ವರಗಳಲ್ಲಿ ಕೂತ ಕನ್ನಡಿಗ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಕಾನೂನು ಗೊತ್ತಿರುವವರು ಒಂದು ಮಾತು ಎತ್ತಬಹುದು. ಏಜೆಂಟರೇ ಕ್ರಯಪತ್ರಕ್ಕೆ ಸಹಿ ಹಾಕಿ ತಾವೇ ಅದನ್ನು ಹಾಜರುಪಡಿಸಿದರೆ 33ನೇ ಕಲಮಿನ ಕಟ್ಟುಪಾಡು ಬೇಕಿಲ್ಲ ಎಂದು 2009ರಲ್ಲಿ ರಜನಿ ಟಂಡನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ನಿಜ. ಆದರೆ 2025ರಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ ಆ ನಿಲುವನ್ನು ಒಪ್ಪದೆ ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿದೆ. ಸುಪ್ರೀಂ ಕೋರ್ಟಿನಲ್ಲೇ ಇತ್ಯರ್ಥವಾಗದ ಪ್ರಶ್ನೆಯನ್ನು ಟೋಕನ್ ಹಿಡಿದು ನಿಂತ ತಂಗಿ ಕೌಂಟರಿನಲ್ಲಿ ವಾದಿಸಿ ಗೆಲ್ಲಬೇಕೆ?

ಹಾಗಾದರೆ ನೋಟರಿಯ ಸೀಲನ್ನೇ ಎಲ್ಲದಕ್ಕೂ ಒಪ್ಪಿಬಿಡಿ ಎನ್ನೋಣವೆ? ನಾನು ಹಾಗೆ ಹೇಳುವುದಿಲ್ಲ. ಬೇರೆಯವರ ಆಸ್ತಿಯನ್ನು ಸುಳ್ಳು ಪವರ್ ಆಫ್ ಅಟಾರ್ನಿ ಹಿಡಿದು ಮಾರಿದ ಕಥೆ ಬೆಂಗಳೂರಿನಲ್ಲಿ ಸೈಟು ಇರುವ ಯಾರನ್ನು ಕೇಳಿದರೂ ಸಿಗುತ್ತದೆ. ಆ ಮೋಸಕ್ಕೆ ಮೊದಲು ಬಲಿಯಾಗುವವರೂ ನಮ್ಮಂಥವರೇ. ಖಾಲಿ ಸೈಟು ಊರಿನಲ್ಲಿ, ಮಾಲೀಕ ಸಾವಿರಾರು ಕಿಲೋಮೀಟರ್ ದೂರದಲ್ಲಿ. ಸಹಿ ಮಾಡಿದವರನ್ನು ಕಣ್ಣಿಂದ ನೋಡದೆ, ರಿಜಿಸ್ಟರಿನಲ್ಲಿ ಬರೆಯದೆ, ಯಾರೋ ತಂದ ಕಾಗದಕ್ಕೆ ಮೊಹರು ಒತ್ತುವ ನೋಟರಿಗಳು ಎಲ್ಲ ಊರುಗಳಲ್ಲೂ ಇದ್ದಾರೆ. ಮನೆಗೆ ಬರುವ ಸೇವೆ ಹೆಸರಿನಲ್ಲಿ ನೋಟರಿ ಬರದೆ, ಅವರ ಸಹಾಯಕ ಮಾತ್ರ ಸೀಲು ಹಿಡಿದು ಬಂದರೆ ಆ ಸೀಲಿಗೆ ರಬ್ಬರಿನ ಬೆಲೆಯಷ್ಟೇ.

ವಾರಾಣಸಿಯಲ್ಲೇ ಇದಕ್ಕೊಂದು ಹಳೆಯ ಪಾಠ ಇದೆ. ಗೋದೌಲಿಯಾ ಬಳಿಯ ಜಂಗಮವಾಡಿ ಮಠ ನಮ್ಮ ನಾಡಿನವರಿಗೆ ಶತಮಾನಗಳಿಂದ ಪರಿಚಿತ. ಆ ಮಠಕ್ಕೆ ಸಂದ ಭೂಮಿಯ ಬಗ್ಗೆ ಅಕ್ಬರ್, ಔರಂಗಜೇಬ್ ಮೊದಲಾದ ಮೊಗಲ್ ಬಾದಶಹರ ಕಾಲದ ಫರ್ಮಾನುಗಳು ಉಳಿದು ಬಂದಿವೆ. ಆ ಕಾಗದಗಳಿಗೆ ಬೆಲೆ ಬಂದದ್ದು ಮೊಹರಿನ ಶಾಯಿಯಿಂದಲ್ಲ. ಮೊಹರಿನ ಹಿಂದೆ ಹೊಣೆ ಹೊತ್ತ ಒಂದು ಕಚೇರಿ, ನಕಲು ಇಟ್ಟುಕೊಂಡ ಒಂದು ದಫ್ತರ ಇತ್ತು. ಇಂದು ನೋಂದಣಿ ಇಲಾಖೆ ಕೇಳುವುದೂ ಅದನ್ನೇ. ಕೇಳುವುದು ತಪ್ಪಲ್ಲ. ಕೇಳಿದ್ದನ್ನು ಕೊಡುವ ದಾರಿಯನ್ನು ಸುಲಭ ಮಾಡದಿರುವುದು ತಪ್ಪು.

ದಾರಿ ಇದೆ, ಅದೇ ಬೇಸರ. 33ನೇ ಕಲಮಿನ ಪ್ರಕಾರ ವಾರಾಣಸಿಯ ಉಪನೋಂದಣಾಧಿಕಾರಿಯ ಮುಂದೆಯೇ ಪವರ್ ಆಫ್ ಅಟಾರ್ನಿ ದೃಢೀಕರಿಸಿಕೊಳ್ಳಬಹುದು, ಕರ್ನಾಟಕಕ್ಕೆ ಓಡಬೇಕಿಲ್ಲ. ಅನಾರೋಗ್ಯ, ಅಶಕ್ತತೆಯಿಂದ ಕಚೇರಿಗೆ ಬರಲಾಗದವರ ಮನೆಗೆ ಅಧಿಕಾರಿಯೇ ಹೋಗಬಹುದು ಅಥವಾ ಕಮಿಷನ್ ಕಳಿಸಬಹುದು ಎಂದೂ ಅದೇ ಕಲಂ ಹೇಳುತ್ತದೆ. ಮನೆಬಾಗಿಲಿನ ಸೇವೆ ಎಂದು ಇವತ್ತು ಜಾಹೀರಾತು ಹಾಕುವುದನ್ನು 1908ರಲ್ಲೇ ಕಾಯ್ದೆಯಲ್ಲಿ ಬರೆದಿಟ್ಟಿದ್ದಾರೆ. ಪರಿಚಯದವರಿಗೆ ಇದನ್ನು ಒಬ್ಬರು ಮೊದಲೇ ಹೇಳಿದ್ದರೆ ವಿಮಾನದ ಖರ್ಚು, ನಾಲ್ಕು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಆ ದಾರಿಯಲ್ಲೂ ಕಲ್ಲುಮುಳ್ಳು ಇವೆ. ಕನ್ನಡದಲ್ಲಿ ಬರೆದ ಪತ್ರ ಇಲ್ಲಿನ ಅಧಿಕಾರಿಗೆ ಓದಲು ಬರುವುದಿಲ್ಲ. ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಬಳಕೆಯಿಲ್ಲದ ಭಾಷೆಯ ದಸ್ತಾವೇಜಿಗೆ ಅನುವಾದ ಲಗತ್ತಿಸಬೇಕು ಎಂಬುದು ಕಾಯ್ದೆಯ 19ನೇ ಕಲಂ. ಇಲ್ಲಿ ಹಿಂದಿಯಲ್ಲಿ ಬರೆದ ಷರಾ ಅಲ್ಲಿ ಊರಿನ ಕಚೇರಿಯಲ್ಲಿ ಮತ್ತೆ ಪ್ರಶ್ನೆಯಾಗುತ್ತದೆ. ಇಲ್ಲಿಯ ಸ್ಟಾಂಪ್ ದರ ಒಂದು, ಕರ್ನಾಟಕದ್ದು ಇನ್ನೊಂದು. ಅಲ್ಲಿ ಹೆಚ್ಚಿದ್ದರೆ ವ್ಯತ್ಯಾಸ ಕಟ್ಟಬೇಕು. ಪತ್ರ ಅಸಲಿಯೇ ಎಂದು ಊರಿನ ಅಧಿಕಾರಿಗೆ ಅನುಮಾನ ಬಂದರೆ ವಾರಾಣಸಿಯ ಕಚೇರಿಗೆ ಕಾಗದ ಬರೆದು ಉತ್ತರಕ್ಕೆ ಕಾಯಬೇಕು.

ಇದನ್ನೆಲ್ಲ ಸರಿಪಡಿಸುವುದು ಬ್ರಹ್ಮವಿದ್ಯೆಯಲ್ಲ. ಕರ್ನಾಟಕ 2023ರಲ್ಲಿ ಕಾವೇರಿ 2.0 ತಂದಿತು. ದಸ್ತಾವೇಜಿನ ವಿವರ ತುಂಬುವುದು, ಶುಲ್ಕ ಕಟ್ಟುವುದು, ಸಮಯ ಗೊತ್ತುಪಡಿಸುವುದು ಎಲ್ಲ ಆನ್‌ಲೈನ್ ಆಯಿತು. 2024ರಲ್ಲಿ ಜಿಲ್ಲೆಯೊಳಗೆ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು ಎಂದಾಯಿತು. ಒಳ್ಳೆಯ ಹೆಜ್ಜೆಗಳು. ಆದರೆ ಈ ‘ಎಲ್ಲಿಯಾದರೂ’ ಎಂಬ ಮಾತು ಜಿಲ್ಲೆಯ ಗಡಿಗೆ ಬಂದು ನಿಂತಿದೆ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ವಿಡಿಯೊದಲ್ಲೇ ಮುಖ ನೋಡಿ ಖಾತೆ ತೆರೆಯುತ್ತಾರೆ. ಪಿಂಚಣಿದಾರರು ಬದುಕಿದ್ದಾರೆ ಎಂಬುದಕ್ಕೆ ಮೊಬೈಲಿನಲ್ಲಿ ಮುಖ ತೋರಿಸಿದರೆ ಸಾಕು. ಅಮೆರಿಕದ ವರ್ಜೀನಿಯಾದಲ್ಲಿ 2012ರಿಂದಲೇ ವಿಡಿಯೊ ಮೂಲಕ ನೋಟರಿ ನಡೆಯುತ್ತಿದೆ. ಆಸ್ತಿಯ ವಿಷಯದಲ್ಲಿ ಅಷ್ಟು ದೂರ ಜಿಗಿಯುವುದು ಬೇಡ ಎಂದರೂ ಸರಿ. ನಾನು ಕೇಳುವುದು ಮೂರೇ.

ಒಂದು, ಬೇರೆ ರಾಜ್ಯದ ಉಪನೋಂದಣಾಧಿಕಾರಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿಯ ಪ್ರತಿ ಆ ಕಚೇರಿಯಿಂದಲೇ ನೇರವಾಗಿ ಕಾವೇರಿ ತಂತ್ರಾಂಶಕ್ಕೆ ಬರಲಿ. ಅಂಚೆಯಲ್ಲಿ ಬಂದ ಕಾಗದ ಅಸಲಿಯೋ ನಕಲಿಯೋ ಎಂಬ ಅನುಮಾನಕ್ಕೆ ಆಗ ಜಾಗವಿಲ್ಲ. ಮೋಸಗಾರರ ಸುಳ್ಳು ಪತ್ರವೂ ಅಲ್ಲೇ ಸಿಕ್ಕಿಬೀಳುತ್ತದೆ. ಎರಡು, ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇರುವ ಒಂದು ಮಾದರಿ ಪತ್ರವನ್ನು ನೋಂದಣಿ ಇಲಾಖೆ ಪ್ರಕಟಿಸಲಿ. ಮೂರು, ಗೃಹಸಾಲ ಮಂಜೂರಾತಿ ಪತ್ರದಲ್ಲೇ ಬ್ಯಾಂಕುಗಳು ಸ್ಪಷ್ಟವಾಗಿ ಬರೆಯಲಿ: ಇಂಥ ಪತ್ರಕ್ಕೆ ನೋಟರಿ ಸಾಕು, ಇಂಥದ್ದಕ್ಕೆ ಉಪನೋಂದಣಾಧಿಕಾರಿಯೇ ಬೇಕು. ಇದಕ್ಕೆ ಕಾಯ್ದೆ ತಿದ್ದುಪಡಿಯೂ ಬೇಕಿಲ್ಲ, ಎರಡು ಸಾಲು ಸಾಕು.

ಅದು ಆಗುವತನಕ ನಮ್ಮ ಎಚ್ಚರ ನಮಗೆ. ಮನೆಗೆ ಬರುವ ನೋಟರಿಯಿಂದ ಪ್ರಮಾಣಪತ್ರ, ಘೋಷಣೆ, ದಾಖಲೆಗಳ ದೃಢೀಕೃತ ನಕಲು, ಬ್ಯಾಂಕು ಕೇಳುವ ಮುಚ್ಚಳಿಕೆ ಇವನ್ನು ಧಾರಾಳವಾಗಿ ಮಾಡಿಸಿ. ಬಂದವರು ನೋಟರಿಯೇ ಎಂದು ಅವರ ಪ್ರಮಾಣಪತ್ರದ ಸಂಖ್ಯೆ, ಅವಧಿ ನೋಡಿ. ಅವರ ರಿಜಿಸ್ಟರಿನಲ್ಲಿ ನಿಮ್ಮ ಸಹಿ ಬೀಳಲಿ, ಅದರ ಕ್ರಮಸಂಖ್ಯೆ ನಿಮ್ಮ ಪತ್ರದ ಮೇಲೆ ಇರಲಿ. ಖಾಲಿ ಜಾಗ ಬಿಟ್ಟ ಕಾಗದಕ್ಕೆ ಸಹಿ ಬೇಡ.

ಮಾರುವ, ಕೊಳ್ಳುವ, ನೋಂದಣಿ ಮಾಡಿಸುವ ಅಧಿಕಾರ ಕೊಡುವುದಾದರೆ ಮಾತ್ರ ನಿಮ್ಮ ಪ್ರದೇಶದ ಉಪನೋಂದಣಿ ಕಚೇರಿಗೇ ಹೋಗಿ. ಕರಡನ್ನು ಮೊದಲೇ ಊರಿನ ಕಚೇರಿಗೂ ಬ್ಯಾಂಕಿನ ವಕೀಲರಿಗೂ ತೋರಿಸಿ. ಎಲ್ಲ ಅಧಿಕಾರ ಬರೆದುಕೊಡುವ ಬದಲು ಆ ಒಂದು ಆಸ್ತಿಗೆ, ಆ ಒಂದು ಕೆಲಸಕ್ಕೆ ಸೀಮಿತವಾದ ಪತ್ರ ಬರೆಯಿರಿ. ‘ಜಿಪಿಎ ಮಾಡಿಕೊಡುತ್ತೇವೆ, ಕ್ರಯಪತ್ರ ಆಮೇಲೆ ನೋಡೋಣ’ ಎನ್ನುವವರಿಂದ ದೂರ ಇರಿ; ಅಂಥ ಪತ್ರದಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಸಾಲ ತೀರಿಸುವ ದಿನಕ್ಕೂ ಒಂದು ಮಾತು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ಸೂಚನೆಯಂತೆ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ದಾಖಲೆ ಹಿಂದಿರುಗಿಸಬೇಕು. ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಸಾಲಗಾರ ತೀರಿಹೋದರೆ ವಾರಸುದಾರರಿಗೆ ದಾಖಲೆ ಕೊಡುವ ವಿಧಾನವನ್ನೂ ಬ್ಯಾಂಕು ಮೊದಲೇ ಗೊತ್ತುಮಾಡಿರಬೇಕು. ಹೊರನಾಡಿನಲ್ಲಿರುವವರು ಇದನ್ನು ಮನೆಯವರಿಗೆ ಹೇಳಿಡುವುದು ಒಳ್ಳೆಯದು. ಪವರ್ ಆಫ್ ಅಟಾರ್ನಿ ಬರೆದುಕೊಟ್ಟವರ ಜೀವದೊಂದಿಗೇ ಮುಗಿಯುತ್ತದೆ ಎಂಬುದನ್ನೂ.

ವರ್ಷಾನುಗಟ್ಟಲೆ ಕಂತು ಕಟ್ಟಿ ನಾವು ಊರಿನಲ್ಲಿ ಕೊಳ್ಳುವುದು ನಾಲ್ಕು ಗೋಡೆಯನ್ನಷ್ಟೇ ಅಲ್ಲ, ವಾಪಸು ಹೋಗುವ ಹಕ್ಕನ್ನು. ನಾವು ಕಟ್ಟುವ ಮುದ್ರಾಂಕ ಶುಲ್ಕ ಸೇರುವುದು ಕರ್ನಾಟಕದ ಖಜಾನೆಗೆ. ಆ ಹಣ ಗಡಿ ದಾಟಿ ಬರುವಾಗ ಯಾರೂ ತಡೆಯುವುದಿಲ್ಲ. ಆ ಹಣದೊಂದಿಗೆ ಬರುವ ನಮ್ಮ ಸಹಿಗೂ ಅಷ್ಟೇ ಸಲೀಸಾದ ದಾರಿ ಮಾಡಿಕೊಡಲಿ.