ಕುದುರೆ ಸಾಗಣೆ ಸರಕು ಸಾಗಣೆಯಲ್ಲ

ಶಿವಮೊಗ್ಗ, ಭದ್ರಾವತಿಯಿಂದ ಕಾಡಂಚಿನ ಬಿಡಾರಕ್ಕೆ ವಾಹನದಲ್ಲಿ ಕುದುರೆ ಒಯ್ಯುವ ಮೊದಲು ಪಶುವೈದ್ಯರ ಪ್ರಮಾಣಪತ್ರ ಪಡೆಯಬೇಕು. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ವೇಗ ಗಂಟೆಗೆ 35 ಕಿ.ಮೀ. ಮೀರುವಂತಿಲ್ಲ. 2016ರಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮ ಪ್ರತಿ ಕುದುರೆಗೆ 2.25 ಚದರ ಮೀಟರ್ ಜಾಗ ನಿಗದಿ ಮಾಡಿದೆ.

ಬ್ರೇಕು, ತಿರುವು ಎರಡನ್ನೂ ಕುದುರೆ ಕಾಲಿನ ಬಲದಿಂದಲೇ ತಡೆದುಕೊಳ್ಳಬೇಕು. ಆದ್ದರಿಂದ ನೆಲಕ್ಕೆ ಜಾರದ ನಾರಿನ ಚಾಪೆ ಬೇಕು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಂಥ ದಾರಿಯಲ್ಲಿ ಇದಿಲ್ಲದಿದ್ದರೆ ಕುದುರೆ ಜಾರಿ ಬಿದ್ದು ಮೊಣಕಾಲು ಒಡೆದುಕೊಳ್ಳಬಹುದು. ಇದಕ್ಕಿಂತಲೂ ಅಲಕ್ಷ್ಯಕ್ಕೆ ಒಳಗಾದ ಸಂಗತಿ ತಲೆಹಗ್ಗ. ಕುದುರೆ ತಲೆ ತಗ್ಗಿಸಿದಾಗಲೇ ಶ್ವಾಸನಾಳಕ್ಕೆ ಸೇರಿದ ದೂಳು, ಲೋಳೆ ಹೊರಬರುತ್ತದೆ. ಗಂಟೆಗಟ್ಟಲೆ ತಲೆ ಎತ್ತಿ ಬಿಗಿದು ಕಟ್ಟಿದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಪ್ರಯಾಣದ ನಡುವೆ ವಾಹನ ನಿಲ್ಲಿಸಿ, ಹಗ್ಗ ಸಡಿಲಿಸಿ, ನೀರು ಕುಡಿಸುವುದು ಸೌಜನ್ಯವಲ್ಲ, ಅಗತ್ಯ. ಕುದುರೆಗೆ ದಿನಕ್ಕೆ 25 ಲೀಟರಿಗೂ ಹೆಚ್ಚು ನೀರು ಬೇಕಾಗಬಹುದು.

ಭದ್ರಾ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬಿಡಾರ ಹೂಡುವಂತಿಲ್ಲ. ಇನ್ನು ಉಣುಗಿನ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಮನುಷ್ಯರಿಗೆ ಹರಡುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಅಪಾಯ ಹೆಚ್ಚು. ಕಾಡಿನಿಂದ ಮರಳುವ ಮುನ್ನ ಕುದುರೆಯ ಕಿವಿ, ಕೇಸರ, ತೊಡೆಸಂದು, ಬಾಲದ ಬುಡಗಳನ್ನು ಕೈಗವಸು ತೊಟ್ಟು ಪರೀಕ್ಷಿಸಬೇಕು. ಜೊತೆಗಿದ್ದವರು ತಮ್ಮ ಮೈಯನ್ನೂ ನೋಡಿಕೊಳ್ಳಬೇಕು.

–ಓದುಗರೊಬ್ಬರು, ಭದ್ರಾವತಿ