ಕಡಲ ನೋಟವೋ, ಬಡಿಸುವವರ ಮಾತೋ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಂದ ವಾರಾಂತ್ಯಕ್ಕೆ ಕರಾವಳಿಗೆ ಹೊರಡುವವರು ಮಧ್ಯಾಹ್ನದ ಊಟಕ್ಕೆ ಕಡಲು ಕಾಣುವ ಹೋಟೆಲನ್ನೇ ಅರಸುತ್ತಾರೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಆ ಆಸೆ ತಪ್ಪೆನ್ನಲಾರೆ. ಆದರೆ ಕಂದಮೂಲ ವರ್ಜಿಸಿದ ಜೈನ ಪ್ರವಾಸಿಗೆ ನೋಟಕ್ಕಿಂತ ಮುಖ್ಯವಾದುದು, ಸಾರಿಗೆ ಏನೇನು ಬಿದ್ದಿದೆಯೆಂದು ಹೇಳಬಲ್ಲವರು. ಮನೆಮಂದಿಯೇ ನಡೆಸುವ ಸಣ್ಣ ಹೋಟೆಲಿನಲ್ಲಿ ಅಟ್ಟವರೇ ಬಡಿಸುತ್ತಾರೆ, ಕೇಳಿದರೆ ಉತ್ತರಿಸುತ್ತಾರೆ. ಇದೇ ಸೀಮೆಯ ಮೂಡುಬಿದಿರೆಯ ರತ್ನಾಕರವರ್ಣಿಯ ‘ಭರತೇಶ ವೈಭವ’ದಲ್ಲಿ ಚಕ್ರವರ್ತಿ ಮೊದಲು ಮುನಿಗಳಿಗೆ ಆಹಾರವಿತ್ತು ಬಳಿಕ ತಾನುಣ್ಣುತ್ತಾನೆ. ಉಣ್ಣುವವರ ವ್ರತವೇನೆಂದು ಬಡಿಸುವವನಿಗೆ ಗೊತ್ತಿರುವ ಊಟವದು. ನಾನಂತೂ ಅಂತಹ ಎಲೆಯನ್ನೇ ಆರಿಸಿಕೊಳ್ಳುವೆ, ಕಿಟಕಿಯಾಚೆ ಬರಿಯ ಬಸ್‌ನಿಲ್ದಾಣ ಕಂಡರೂ ಸರಿ. ಕಡಲೆಲ್ಲಿಗೂ ಹೋಗದು, ಸೂರ್ಯಾಸ್ತಕ್ಕೆ ಮುನ್ನವೇ ಉಂಡು ಮುಗಿಸುವವರಿಗೆ ಅದನ್ನು ನೋಡಲು ಸಂಜೆಯೆಲ್ಲ ಬಿಡುವುಂಟು.