ಪುಣ್ಯ ಊರಿಗೆ, ನಷ್ಟ ರೈತನಿಗೆ

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಹಳ್ಳಿಗಳಲ್ಲಿ ವಿದ್ಯುತ್ ತಂತಿ ತಗುಲಿ ಮಂಗವೊಂದು ಸತ್ತರೆ ಊರವರು ಸುಮ್ಮನಿರುವುದಿಲ್ಲ. ಹೂಮಾಲೆ ಹಾಕಿ, ಭಜನೆಯೊಡನೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಕೆಲವೆಡೆ ಆ ಜಾಗದಲ್ಲಿ ಮಾರುತಿಯ ಕಟ್ಟೆಯೂ ಏಳುತ್ತದೆ. ತುಳಸಿಗೇರಿಯ ಹನುಮಪ್ಪನಿಗೆ ನಡೆದುಕೊಳ್ಳುವ ಈ ಜನರಿಗೆ ಮಂಗ ಕೇವಲ ಪ್ರಾಣಿಯಲ್ಲ.

ಆದರೆ ಮಂಗಗಳನ್ನು ಹಿಡಿಸಿ ಎಂದು ಅರ್ಜಿ ಕೊಡುವವರೂ ಇವರೇ. ಸೇವೆಯಲ್ಲಿದ್ದಾಗ ಅಂಥ ಅರ್ಜಿಯೊಂದಕ್ಕೆ ನಾನೂ ಒಪ್ಪಿಗೆ ನೀಡಿದ್ದೆ. ಬೋನಿಗೆ ಬಿದ್ದ ಹಿಂಡನ್ನು ಘಟಪ್ರಭೆಯ ಆಚೆ ಬಿಟ್ಟು ಬಂದರು. ಮರುವರ್ಷ ಆಚೆಯ ಹಳ್ಳಿಯಿಂದ ಅದೇ ಒಕ್ಕಣೆಯ ಅರ್ಜಿ ಬಂತು. ಸಮಸ್ಯೆ ಬಗೆಹರಿದಿರಲಿಲ್ಲ, ಊರು ಬದಲಿಸಿತ್ತು.

ಇದನ್ನು ಬೂಟಾಟಿಕೆ ಎನ್ನಲಾಗದು. ಬ್ರೆಜಿಲ್‌ನ ಅಮೆಜಾನ್ ಕಾಡಿನ ಗುವಾಜಾ ಬುಡಕಟ್ಟಿನವರು ಮಂಗಗಳನ್ನು ಬೇಟೆಯಾಡುತ್ತಾರೆ. ತಬ್ಬಲಿ ಮರಿಗಳನ್ನು ಅವರ ಹೆಂಗಸರೇ ಎದೆಹಾಲುಣಿಸಿ ಸಾಕುತ್ತಾರೆ. ಬಂಧುತ್ವವೂ ಸಂಘರ್ಷವೂ ಒಟ್ಟಿಗೇ ಇರಬಲ್ಲವು, ಆದರೆ ಎರಡನ್ನೂ ತಾಳಿಕೊಳ್ಳುವ ಕಾಡು ಇರಬೇಕು. ನಮ್ಮಲ್ಲಿ ನೀರಾವರಿ ಬಂದು ಕಬ್ಬು ಹಬ್ಬಿದಂತೆ ಬದುವಿನ ಹುಣಸೆ, ನೇರಳೆ, ಅತ್ತಿ, ಆಲದ ಮರಗಳು ಕಡಿಮೆಯಾದವು. ಮಂಗಗಳು ಹೊಲಕ್ಕೆ ಇಳಿದವು; ರಬಕವಿ-ಬನಹಟ್ಟಿಯ ನೇಕಾರರ ಮಾಳಿಗೆ ಏರಿದವು.

ಅರ್ಥಶಾಸ್ತ್ರದ ಸರಳ ಪಾಠವೊಂದು ಇಲ್ಲಿದೆ: ಲಾಭ ಎಲ್ಲರಿಗೂ ಹಂಚಿಹೋಗಿ ವೆಚ್ಚ ಕೆಲವರ ತಲೆಗೆ ಬಿದ್ದರೆ ಆ ವ್ಯವಸ್ಥೆ ಬಾಳುವುದಿಲ್ಲ. ಮಂಗನನ್ನು ಪೂಜಿಸಿದ ಪುಣ್ಯ ಊರಿಗೆಲ್ಲ. ಬೆಳೆ ಕಳೆದುಕೊಳ್ಳುವವನು ಎರಡೆಕರೆಯ ರೈತ. ಹಿಡಿಸಿ ಸಾಗಿಸುವ ದಾರಿ ಎಲ್ಲಿಗೆ ಒಯ್ಯುತ್ತದೆಂಬುದನ್ನು 2021ರ ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಕಂಡೆವು. ಅಲ್ಲಿ ರಸ್ತೆಬದಿಯ ಚೀಲಗಳಲ್ಲಿ 38 ಮಂಗಗಳ ಶವ ಸಿಕ್ಕವು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ಎಲ್ಲೆಲ್ಲೂ ಕಾಣುತ್ತದೆಂದು ನಾವು ಅಸಡ್ಡೆ ಮಾಡುವ ಈ ಟೊಪ್ಪಿಗೆಗೂದಲಿನ ಕೋತಿ ಭಾರತದ ದಕ್ಷಿಣ ಭಾಗ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿಲ್ಲ.

ಬೀಳಗಿ-ಮುಧೋಳ ನಡುವಿನ ಯಡಹಳ್ಳಿಯಲ್ಲಿ ಚಿಂಕಾರಗಳಿಗೆ ವನ್ಯಜೀವಿಧಾಮವಿದೆ. ಮಂಗಕ್ಕೆ ಧಾಮ ಬೇಕಿಲ್ಲ, ಮರ ಬೇಕು. ಹಳ್ಳದ ದಂಡೆ, ಗಾಂವಠಾಣ, ರಸ್ತೆಬದಿಗಳಲ್ಲಿ ಗ್ರಾಮ ಪಂಚಾಯಿತಿಗಳು ಹಣ್ಣಿನ ಮರ ಬೆಳೆಸಲಿ. ದೇವಸ್ಥಾನ ಸಮಿತಿಗಳು ಕಾಣಿಕೆಯ ಒಂದು ಪಾಲನ್ನು ಇದಕ್ಕೆ ಮೀಸಲಿಡಲಿ. ಭಕ್ತರು ರಸ್ತೆಯಲ್ಲಿ ಬಿಸ್ಕತ್ತು ಎಸೆಯುವುದನ್ನು ಬಿಡಲಿ. ಮರಗಳು ಫಲ ಕೊಡುವವರೆಗೆ ರೈತನ ನಷ್ಟವನ್ನು ಸರ್ಕಾರ ವಿಳಂಬವಿಲ್ಲದೆ ತುಂಬಿಕೊಡಲಿ.

ಸತ್ತ ಮಂಗಕ್ಕೆ ಕಟ್ಟೆ ಕಟ್ಟುವ ಊರು, ಬದುಕಿರುವ ಮಂಗಕ್ಕೆ ನಾಲ್ಕು ಅತ್ತಿಮರ ಬೆಳೆಸಲಾರದೆ?